ಹಳೆ ಕಂಪ್ಯೂಟರಿಗೆ ಯಾವ ವರ್ಷನ್? ಆರು ವಾರದ ಕೆಲಸದ ಟಿಪ್ಪಣಿ

ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮುಂದೆ ಯಾವುದನ್ನು ಹಾಕಬೇಕು ಅಂತ ತೀರ್ಮಾನಿಸಲು ನನಗೆ ಆರು ವಾರಾಂತ್ಯ ಬೇಕಾಯಿತು. ಅದರಲ್ಲಿ ಎರಡು ವಾರ ಪೂರ್ತಿ ನನ್ನ ಒಂದೇ ತಪ್ಪಿನಿಂದ ಹೋಯಿತು. ಇದೇ ಕೆಲಸಕ್ಕೆ ಕೂರುವವರಿಗೆ ಆ ಎರಡು ವಾರ ಉಳಿಯಲಿ ಅಂತ ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಯಂತ್ರ: ಇಂಟೆಲ್ ಐ5-4460 ಪ್ರೊಸೆಸರ್, 4 ಕೋರ್, 2014ರದ್ದು. ಹೆಚ್81 ಮದರ್‌ಬೋರ್ಡ್. 8 ಜಿಬಿ ಡಿಡಿಆರ್3 ರ‍್ಯಾಮ್. 1 ಟಿಬಿ ಹಾರ್ಡ್ ಡಿಸ್ಕ್. ವೈಫೈಗೆ ಒಂದು ಯುಎಸ್‌ಬಿ ಅಡಾಪ್ಟರ್. ಜೊತೆಗೆ ಲೇಸರ್ ಪ್ರಿಂಟರ್, ಮತ್ತೆ ಹಳೆ ಫಿಲ್ಮ್ ನೆಗೆಟಿವ್ ಸ್ಕ್ಯಾನ್ ಮಾಡುವ ಒಂದು ಸ್ಕ್ಯಾನರ್.

ಬಳಸುವವರು ಮೂವರು. ಅಮ್ಮ, ತಂಗಿ, ನಾನು.

ನವೆಂಬರ್ 1, ಶನಿವಾರ: ಈಗ ಏನಿದೆ?

ಮೊದಲು ರನ್ ಬಾಕ್ಸ್ ತೆರೆದು ‘ವಿನ್‌ವರ್’ ಅಂತ ಹೊಡೆದು ನೋಡಿದೆ. ವಿಂಡೋಸ್ 10, ಸರಿ. ಆದರೆ ಅದರ ಕೆಳಗೆ 21ಹೆಚ್2 ಅಂತಿತ್ತು. ಹೋಮ್ ಎಡಿಷನ್‌ನಲ್ಲಿ ಆ ವರ್ಷನ್ನಿನ ಅವಧಿ 2023ರ ಜೂನ್‌ನಲ್ಲೇ ಮುಗಿದಿತ್ತು. ಅಂದರೆ ಎರಡು ವರ್ಷಕ್ಕಿಂತ ಜಾಸ್ತಿ ದಿನ ಈ ಯಂತ್ರ ಭದ್ರತಾ ಅಪ್‌ಡೇಟ್ ಇಲ್ಲದೆಯೇ ಓಡಿದೆ. ಅಪ್‌ಡೇಟ್ ಬಂದಾಗಲೆಲ್ಲ ಕಂಪ್ಯೂಟರ್ ನಿಧಾನವಾಗುತ್ತೆ ಅಂತ ಅದನ್ನು ನಿಲ್ಲಿಸಿಟ್ಟವನು ನಾನೇ. ಅಮ್ಮ ಇದರಲ್ಲೇ ಬ್ಯಾಂಕಿನ ಕೆಲಸ ಮಾಡುತ್ತಾರೆ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಹಾಗಾಗಿ ಅವತ್ತಿನ ಕೆಲಸ ಬದಲಾಯಿತು. ಮೊದಲು 22ಹೆಚ್2ಗೆ ಏರಿಸಿದೆ. ಬಾಕಿ ಅಪ್‌ಡೇಟ್ ಎಲ್ಲಾ ಸೇರಿ ಮೂರು ಗಂಟೆ ಹಿಡಿಯಿತು. ಆಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯುಗೆ ಸೇರಿಸಿದೆ. ಇದು ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ. 22ಹೆಚ್2 ಇದ್ದರೆ ಮಾತ್ರ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದ್ದರಿಂದ ಹಣ ಕೊಡಬೇಕಾಗಲಿಲ್ಲ.

ಅವಸರ ಕಡಿಮೆಯಾಯಿತು. ಸಂಜೆ ನೋಟ್‌ಬುಕ್ ಹಿಡಿದು ಕೂತು ತಾರೀಖುಗಳನ್ನು ಬರೆದುಕೊಂಡೆ. ವಿಂಡೋಸ್ 11ರಲ್ಲೂ ವರ್ಷನ್‌ಗಳಿವೆ. ಹೋಮ್‌ನಲ್ಲಿ ಒಂದೊಂದಕ್ಕೂ ಎರಡು ವರ್ಷ ಆಯಸ್ಸು. 24ಹೆಚ್2 ಆದರೆ 2026ರ ಅಕ್ಟೋಬರ್, 25ಹೆಚ್2 ಆದರೆ 2027ರ ಅಕ್ಟೋಬರ್. ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆಗಳನ್ನೂ ನೋಡಿದೆ. ಉಬುಂಟು 25.10ಕ್ಕೆ ಬರೀ ಒಂಬತ್ತು ತಿಂಗಳು. ಫೆಡೋರಾದ ಒಂದು ವರ್ಷನ್‌ಗೆ ಸುಮಾರು ಹದಿಮೂರು ತಿಂಗಳು. ಉಬುಂಟು 24.04 ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ ವರ್ಷನ್), ಅದರ ಮೇಲೆ ಕಟ್ಟಿರುವ ಲಿನಕ್ಸ್ ಮಿಂಟ್ 22ರ ಸಾಲು, ಎರಡಕ್ಕೂ 2029ರವರೆಗೆ. ಡೆಬಿಯನ್ 13 2025ರ ಆಗಸ್ಟ್‌ನಲ್ಲಿ ಬಂದದ್ದು, ಮೂರು ವರ್ಷದ ಜೊತೆ ಇನ್ನೆರಡು ವರ್ಷ ಎಲ್‌ಟಿಎಸ್.

ನನಗೆ ಹೊಸತನ್ನು ನೋಡುವ ಆಸೆ ಇದ್ದೇ ಇದೆ. ಆದರೆ ಇದು ಅಮ್ಮ ದಿನಾ ಕೂರುವ ಯಂತ್ರ. ವರ್ಷಕ್ಕೊಮ್ಮೆ ಮೆನು ಬದಲಾಗುವುದು ಅವರಿಗೆ ಬೇಡ. ಆಯಸ್ಸು ಜಾಸ್ತಿ ಇರುವುದಕ್ಕೇ ಮೊದಲ ಅಂಕ ಕೊಟ್ಟೆ.

ನವೆಂಬರ್ 2, ಭಾನುವಾರ: ಬ್ಯಾಕಪ್

186 ಜಿಬಿ. ಹೆಚ್ಚಿನದು ಫೋಟೋ. ಹೊರಗಿನ ಡಿಸ್ಕನ್ನು ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಚುಚ್ಚಿದೆ. ಸೆಕೆಂಡಿಗೆ 33 ಎಂಬಿ ದಾಟಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಹೊಳೆಯಿತು, ಅದು ಯುಎಸ್‌ಬಿ 2 ಪೋರ್ಟ್. ನಿಲ್ಲಿಸಿ ಹಿಂದಿನ ನೀಲಿ ಪೋರ್ಟಿಗೆ ಹಾಕಿದೆ. 80 ಎಂಬಿ ಬಂತು. ಮುಕ್ಕಾಲು ಗಂಟೆಯೊಳಗೆ ಮುಗಿಯಿತು.

ತಂಗಿಯ ಖಾತೆಯ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್ ಬಿಟ್ಟುಹೋಗಿತ್ತು. ‘ಅಣ್ಣ, ನನ್ನ ಪ್ರಾಜೆಕ್ಟ್ ಫೈಲ್ ಎಲ್ಲಿ ಇಟ್ಟೆ?’ ಅಂತ ಅವಳು ಕೇಳಿದ ಮೇಲೆಯೇ ಗೊತ್ತಾದದ್ದು. ನಾನು ಕಾಪಿ ಮಾಡಿದ್ದು ಡಿ ಡ್ರೈವ್ ಮತ್ತು ನನ್ನ ಖಾತೆ ಮಾತ್ರ. ಮನೆಯಲ್ಲಿ ಎಷ್ಟು ಲಾಗಿನ್ ಇವೆಯೋ ಅಷ್ಟು ಫೋಲ್ಡರ್‌ಗಳನ್ನು ಎಣಿಸಿಕೊಳ್ಳಿ.

ನವೆಂಬರ್ 8, ಶನಿವಾರ: ಮೊದಲ ಲೈವ್ ಪರೀಕ್ಷೆ, ತಪ್ಪು ತೀರ್ಮಾನ

ಎರಡು ವಾರ ತಿಂದ ತಪ್ಪು ಇದೇ.

ಪೆನ್‌ಡ್ರೈವಿನಿಂದ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು ಅಲ್ವಾ? ನನ್ನ ಹತ್ತಿರ ಮೊದಲೇ ಇಳಿಸಿಟ್ಟಿದ್ದ ಮಿಂಟ್ 22.1 ಇತ್ತು. ಹೊಸತು ಇಳಿಸುವುದು ಯಾಕೆ, ಸಾಲು ಒಂದೇ ತಾನೆ ಅಂದುಕೊಂಡು ಅದನ್ನೇ ಹಾಕಿದೆ. ಡೆಸ್ಕ್‌ಟಾಪ್ ಬಂತು. ಪ್ರಿಂಟರ್ ತಾನಾಗಿಯೇ ಕಾಣಿಸಿಕೊಂಡಿತು. ಶಬ್ದ ಸರಿ ಇತ್ತು. ವೈಫೈ ಮಾತ್ರ ಇಲ್ಲವೇ ಇಲ್ಲ. ಅಡಾಪ್ಟರ್ ಕಿತ್ತು ಮತ್ತೆ ಹಾಕಿದೆ. ಪೋರ್ಟ್ ಬದಲಿಸಿದೆ. ನೆಟ್‌ವರ್ಕ್ ಪಟ್ಟಿ ಖಾಲಿ. ಸ್ಕ್ಯಾನರ್ ಕೂಡ ಕಾಣಲಿಲ್ಲ.

‘ಈ ಯಂತ್ರಕ್ಕೆ ಲಿನಕ್ಸ್ ಆಗುವುದಿಲ್ಲ’ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿದೆ. ಯಾಕೆ ಆಗುವುದಿಲ್ಲ ಅಂತ ಹುಡುಕಲಿಲ್ಲ.

ನವೆಂಬರ್ 9, ಭಾನುವಾರ: ಎಸ್‌ಎಸ್‌ಡಿ, ಮತ್ತೆ ವಿಂಡೋಸ್ 11

256 ಜಿಬಿಯ 2.5 ಇಂಚಿನ ಎಸ್‌ಎಸ್‌ಡಿ ತಂದಿದ್ದೆ. ಕ್ಯಾಬಿನೆಟ್ ಬಿಚ್ಚಲು ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕಾಯಿತು. ಸಾಟಾ ಕೇಬಲ್ ಬೇರೆ ಇರಲಿಲ್ಲ. ಡಿವಿಡಿ ಡ್ರೈವನ್ನು ಯಾರೂ ಬಳಸುತ್ತಿರಲಿಲ್ಲ, ಅದರ ಕೇಬಲ್ಲನ್ನೇ ಎಳೆದು ಇದಕ್ಕೆ ಹಾಕಿದೆ. ಓದುವ ವೇಗ ಅಳೆದರೆ ಸೆಕೆಂಡಿಗೆ 270 ಎಂಬಿ. ಡಬ್ಬದ ಮೇಲೆ 500ರ ಮೇಲೆ ಅಂತ ಬರೆದಿತ್ತು. ಮದರ್‌ಬೋರ್ಡಿನ ಕೈಪಿಡಿ ತೆಗೆದು ನೋಡಿದೆ. ಹೆಚ್81ರ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್, ಉಳಿದೆರಡು 3 ಗಿಗಾಬಿಟ್. ಡಿವಿಡಿ ಇದ್ದದ್ದು ನಿಧಾನದ ಪೋರ್ಟಿನಲ್ಲಿ. ಕೇಬಲ್ಲಿನ ತುದಿ ಬದಲಿಸಿದ ಕೂಡಲೇ 520 ಬಂತು.

ಇನ್ನೊಂದು ಕೆಲಸ ಮಾಡಿದೆ, ಅದನ್ನು ಎಲ್ಲರೂ ಮಾಡಲಿ. ಇನ್‌ಸ್ಟಾಲ್ ಶುರು ಮಾಡುವ ಮೊದಲು ಹಳೆ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತೆ. ಕಣ್ಣಿಗೆ ಒಂದೇ ಡಿಸ್ಕ್ ಕಂಡರೆ ಕೈತಪ್ಪಿ ಇನ್ನೊಂದನ್ನು ಅಳಿಸುವ ಮಾತೇ ಬರುವುದಿಲ್ಲ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್‌ನಲ್ಲಾದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಇರಬೇಕು. ನಮ್ಮದು ನಾಲ್ಕನೇ ತಲೆಮಾರು, ಟಿಪಿಎಂ ಇಲ್ಲ. ರೂಫಸ್ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಮಾಡುವಾಗ ಈ ತಪಾಸಣೆಗಳನ್ನು ತೆಗೆದುಹಾಕುವ ಆಯ್ಕೆ ಇದೆ. ಅದನ್ನು ಟಿಕ್ ಮಾಡಿದೆ. ಒಂದು ಗಂಟೆಯೊಳಗೆ 24ಹೆಚ್2 ಕೂತಿತು.

ಅಳತೆ ಬರೆದಿಟ್ಟೆ. ಹಾರ್ಡ್ ಡಿಸ್ಕಿನ ವಿಂಡೋಸ್ 10ರಲ್ಲಿ ಬಟನ್ ಒತ್ತಿದಾಗಿನಿಂದ ಬ್ರೌಸರ್ ತೆರೆಯುವವರೆಗೆ 2 ನಿಮಿಷ 40 ಸೆಕೆಂಡ್. ಎಸ್‌ಎಸ್‌ಡಿಯ ವಿಂಡೋಸ್ 11ರಲ್ಲಿ 34 ಸೆಕೆಂಡ್. ವೈಫೈ ಸರಿ, ಸ್ಕ್ಯಾನರ್ ಸರಿ. ಏನನ್ನೂ ತೆರೆಯದೆ ಸುಮ್ನೆ ಬಿಟ್ಟಾಗ ರ‍್ಯಾಮ್ 3.4 ಜಿಬಿ.

ಅವತ್ತು ಖುಷಿಯಲ್ಲಿ ‘11 ಎಷ್ಟು ವೇಗ’ ಅಂತ ಬರೆದೆ. ತಪ್ಪು. ವೇಗ ಬಂದದ್ದು ಡಿಸ್ಕಿನಿಂದ. ವರ್ಷನ್‌ಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಡಿಸ್ಕಿನಲ್ಲಿ ಹಾಕಿ ನೋಡಬೇಕು, ಇಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ.

ನವೆಂಬರ್ 16, ಭಾನುವಾರ: 11 ಯಾಕೆ ಬೇಡವಾಯಿತು

ಒಂದು ವಾರ ಎಲ್ಲರೂ ಬಳಸಿದೆವು. ದೂರು ಇರಲಿಲ್ಲ. ಆದರೆ ಅಪ್‌ಡೇಟ್ ಪುಟದಲ್ಲಿ 25ಹೆಚ್2 ಬರಲಿಲ್ಲ. ತಪಾಸಣೆ ದಾಟಿಸಿ ಹಾಕಿದ ಯಂತ್ರಕ್ಕೆ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಪ್ರತಿ ಸಲ ಪೆನ್‌ಡ್ರೈವ್ ಮಾಡಿ ಕೈಯಾರೆ ಏರಿಸಬೇಕು. ಅರ್ಹತೆ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ.

ನಾನೊಬ್ಬನೇ ಬಳಸುವುದಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ನಾನು ಮನೆಯಲ್ಲಿ ಇಲ್ಲದ ವರ್ಷ ಇದನ್ನು ಯಾರು ನೋಡುತ್ತಾರೆ? 21ಹೆಚ್2ರ ಕಥೆ ಮತ್ತೆ ನಡೆಯುತ್ತದೆ, ಅಷ್ಟೇ. ತೆಗೆಯುವುದು ಅಂತ ನಿರ್ಧರಿಸಿದೆ.

ನವೆಂಬರ್ 22, ಶನಿವಾರ: ಕರ್ನೆಲ್ ಸಂಖ್ಯೆ

ಮತ್ತೆ ಮಿಂಟ್ 22.1ರ ಪೆನ್‌ಡ್ರೈವ್ ಹಾಕಿದೆ. ಈ ಸಲ ಸಮಾಧಾನವಾಗಿ ಕೂತೆ. ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಟ್ಟರೆ ಚುಚ್ಚಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಅಡಾಪ್ಟರ್ ಅಲ್ಲಿ ಇತ್ತು! ಯಂತ್ರಕ್ಕೆ ಅದು ಕಾಣುತ್ತಿದೆ, ಡ್ರೈವರ್ ಮಾತ್ರ ಇಲ್ಲ. ಹೆಸರಿನ ಪಕ್ಕದ ಎಂಟು ಅಕ್ಷರದ ಐಡಿಯನ್ನು ಹುಡುಕಿದೆ. 8811ಎಯು ಸರಣಿಯ ಚಿಪ್. 22.1ರ ಜೊತೆ ಬರುವ ಕರ್ನೆಲ್ (ಡ್ರೈವರ್‌ಗಳನ್ನು ಹೊತ್ತ ಲಿನಕ್ಸಿನ ತಿರುಳು) 6.8. ಆ ಚಿಪ್ಪಿನ ಡ್ರೈವರ್ ಕರ್ನೆಲ್ಲಿಗೆ ಸೇರಿದ್ದು ಅದಕ್ಕಿಂತ ಆಮೇಲೆ. 2025ರ ಸೆಪ್ಟೆಂಬರಿನಲ್ಲಿ ಬಂದ 22.2ರಲ್ಲಿ ಕರ್ನೆಲ್ 6.14 ಇದೆ.

22.2 ಇಳಿಸಿದೆ. ಇಳಿದ ಫೈಲ್ ಕೆಟ್ಟಿಲ್ಲ ಅಂತ ತಿಳಿಸುವ ಎಸ್‌ಹೆಚ್‌ಎ256 ಮೊತ್ತ ಸರಿ ಇದೆಯಾ ನೋಡಿ ಪೆನ್‌ಡ್ರೈವ್ ಮಾಡಿದೆ. ಲೈವ್‌ನಲ್ಲಿ ಬೂಟ್ ಆಗಿ ಹತ್ತು ಸೆಕೆಂಡಿನಲ್ಲಿ ವೈಫೈ ಪಟ್ಟಿ ತುಂಬಿಕೊಂಡಿತು.

ಹೆಸರು ಒಂದೇ, ಸಾಲು ಒಂದೇ, ಚುಕ್ಕೆಯ ಆಚೆಗಿನ ಒಂದು ಅಂಕಿ ಬೇರೆ. ಅಷ್ಟಕ್ಕೆ ನಾನು ಎರಡು ವಾರ ಬೇರೆ ದಾರಿ ಹಿಡಿದಿದ್ದೆ. 22.1 ಇದ್ದವರಿಗೂ ದಾರಿ ಇದೆ. ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಇಂಟರ್ನೆಟ್ ಬರುತ್ತದೆ. ಇನ್‌ಸ್ಟಾಲ್ ಆದ ಮೇಲೆ ಅಪ್‌ಡೇಟ್ ಮ್ಯಾನೇಜರಿನಿಂದಲೇ ಹೊಸ ಕರ್ನೆಲ್ ಹಾಕಿಕೊಳ್ಳಬಹುದು. ನವೆಂಬರ್ 8ರಂದು ಫೋನ್ ನನ್ನ ಜೇಬಿನಲ್ಲೇ ಇತ್ತು.

ಸ್ಕ್ಯಾನರ್ ಮಾತ್ರ 22.2ರಲ್ಲೂ ಬರಲಿಲ್ಲ. ಲಿನಕ್ಸಿನ ಸ್ಕ್ಯಾನರ್ ಡ್ರೈವರ್‌ಗಳ ಪಟ್ಟಿಯಲ್ಲಿ ಆ ಮಾದರಿಯೇ ಇಲ್ಲ. ಇದಕ್ಕೆ ಕರ್ನೆಲ್ ಬದಲಿಸಿ ಪ್ರಯೋಜನವಿಲ್ಲ. ಹಳೆ ಹಾರ್ಡ್ ಡಿಸ್ಕಿನ ವಿಂಡೋಸ್ 10ನ್ನು ಹಾಗೇ ಉಳಿಸಿ, ಸ್ಕ್ಯಾನರಿಗೆ ಮಾತ್ರ ಅದಕ್ಕೆ ಹೋಗುವುದು ಅಂತ ಮಾಡಿದೆ.

ಮಿಂಟಿನ ಡೆಸ್ಕ್‌ಟಾಪ್ ರೂಪಗಳಲ್ಲಿ ಸಿನಮನ್ ಬೇಕೋ ಎಕ್ಸ್‌ಎಫ್‌ಸಿಇ ಬೇಕೋ ಅಂತ ಎರಡನ್ನೂ ಲೈವ್‌ನಲ್ಲಿ ನೋಡಿದೆ. ಸುಮ್ನೆ ಬಿಟ್ಟಾಗ ಸಿನಮನ್ 1.2 ಜಿಬಿ, ಎಕ್ಸ್‌ಎಫ್‌ಸಿಇ 0.8 ಜಿಬಿ. 4 ಜಿಬಿ ಯಂತ್ರವಾಗಿದ್ದರೆ ಎಕ್ಸ್‌ಎಫ್‌ಸಿಇ ಅನ್ನುತ್ತಿದ್ದೆ. 8 ಇರುವಾಗ ಅಮ್ಮನಿಗೆ ಕಣ್ಣಿಗೆ ಹಿಡಿಸಿದ್ದೇ ಇರಲಿ. ಅವರು ಸಿನಮನ್ ಆರಿಸಿದರು. ಕೆಳಗಿನ ಪಟ್ಟಿ, ಎಡಗಡೆ ಮೆನು, ಅವರಿಗೆ ಅಭ್ಯಾಸದ ಹಾಗೇ ಇದೆ.

ಹಾರ್ಡ್ ಡಿಸ್ಕಿನ ಕೇಬಲ್ ಮತ್ತೆ ಕಿತ್ತು, ಎಸ್‌ಎಸ್‌ಡಿಯನ್ನು ಪೂರ್ತಿ ಅಳಿಸಿ ಹಾಕಿದೆ. 11 ನಿಮಿಷ. ಬಟನ್ನಿನಿಂದ ಬ್ರೌಸರಿನವರೆಗೆ 27 ಸೆಕೆಂಡ್. ಕನ್ನಡ ಟೈಪಿಂಗಿಗೆ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಸೇರಿಸಿ ಕೆಜಿಪಿ ಕೀಲಿಮಣೆ ಆರಿಸಿಕೊಂಡೆ. ಲಾಗೌಟ್ ಆಗಿ ಬಂದ ಮೇಲೆ ಕೆಲಸ ಮಾಡಿತು.

ನವೆಂಬರ್ 23, ಭಾನುವಾರ: ವಿಂಡೋಸ್ ಎಲ್ಲಿ ಹೋಯಿತು?

ಹಾರ್ಡ್ ಡಿಸ್ಕ್ ಜೋಡಿಸಿದೆ. ಮಿಂಟ್‌ನಲ್ಲಿ ಗ್ರಬ್ ಮೆನುವನ್ನು (ಆನ್ ಮಾಡಿದಾಗ ಯಾವ ವ್ಯವಸ್ಥೆ ಬೇಕು ಅಂತ ಕೇಳುವ ಪಟ್ಟಿ) ಅಪ್‌ಡೇಟ್ ಮಾಡಿದೆ. ಪಟ್ಟಿಯಲ್ಲಿ ವಿಂಡೋಸ್ ಬರಲಿಲ್ಲ. ಎದೆ ಧಸಕ್ ಎಂದಿತು. ‘ಫೋಟೋ ಎಲ್ಲಾ ಇದೆ ತಾನೆ?’ ಅಂತ ಅಮ್ಮ ಬಂದು ನಿಂತರು.

ಫೋಟೋ ಎಲ್ಲಾ ಇತ್ತು. ಕಾರಣ ಬೇರೆ. ಹಳೆ ವಿಂಡೋಸ್ ಇದ್ದದ್ದು ಲೆಗಸಿ ಎಂಬ ಹಳೆ ಬೂಟ್ ರೀತಿಯಲ್ಲಿ, ಡಿಸ್ಕಿನ ಪಾರ್ಟಿಷನ್ ಪಟ್ಟಿಯೂ ಎಂಬಿಆರ್ ಎಂಬ ಹಳೆ ಮಾದರಿ. ಪೆನ್‌ಡ್ರೈವ್ ಬೂಟ್ ಮಾಡುವಾಗ ಮೆನುವಿನಲ್ಲಿ ಅದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಇತ್ತು. ಯುಇಎಫ್‌ಐ ಅಂತ ಮುಂದೆ ಬರೆದಿದ್ದನ್ನು ನಾನು ಆರಿಸಿದ್ದೆ. ಹಾಗಾಗಿ ಮಿಂಟ್ ಯುಇಎಫ್‌ಐ ಎಂಬ ಹೊಸ ಬೂಟ್ ರೀತಿಯಲ್ಲಿ ಕೂತಿದೆ. ಆ ರೀತಿಯ ಗ್ರಬ್‌ನಿಂದ ಲೆಗಸಿ ವಿಂಡೋಸನ್ನು ಎಬ್ಬಿಸಲು ಬರುವುದಿಲ್ಲ.

ವಿಂಡೋಸನ್ನೇ ಬದಲಿಸೋಣ ಅಂತ ಎಂಬಿಆರ್ ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸುವ, ಅದರೊಳಗಿನ ಎಂಬಿಆರ್2ಜಿಪಿಟಿ ಸಾಧನವನ್ನು ಮೊದಲು ತಪಾಸಣೆಗೆ ಮಾತ್ರ ಓಡಿಸಿದೆ. ಆಗುವುದಿಲ್ಲ ಎಂದಿತು. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇರಬಾರದು, ನಮ್ಮದರಲ್ಲಿ ನಾಲ್ಕಿವೆ. ಒಂದನ್ನು ಅಳಿಸಿ ಮುಂದುವರಿಯಬಹುದಿತ್ತು. ಬೇಡ ಅಂತ ಬಿಟ್ಟೆ. ತಿಂಗಳಿಗೆ ನಾಲ್ಕು ಸಲ ಬಳಸುವ ವಿಂಡೋಸಿಗೋಸ್ಕರ ಫೋಟೋ ಇರುವ ಡಿಸ್ಕಿನ ಪಾರ್ಟಿಷನ್‌ಗೆ ಕೈ ಹಾಕುವುದು ಸರಿ ಅನಿಸಲಿಲ್ಲ. ಸ್ಕ್ಯಾನ್ ಮಾಡುವ ದಿನ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತಿ ಹಳೆ ಡಿಸ್ಕ್ ಆರಿಸಿದರೆ ಆಯಿತು.

ನವೆಂಬರ್ 29 ಮತ್ತು 30: ಎರಡು ಸಣ್ಣ ತೊಂದರೆ, ಒಂದನ್ನು ನಾನೇ ದೊಡ್ಡದು ಮಾಡಿದ್ದು

ಮಿಂಟ್‌ನಿಂದ ಹಳೆ ಡಿ ಡ್ರೈವ್ ತೆರೆದರೆ ಫೋಟೋ ನೋಡಬಹುದು, ಹೊಸದು ಹಾಕಲು ಆಗುತ್ತಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದದ್ದು ಕಾರಣ. ಅದು ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯ ಡಿಸ್ಕಿಗೆ ಬರೆದರೆ ಫೈಲ್ ಕೆಡಬಹುದು ಅಂತ ಲಿನಕ್ಸ್ ತಡೆಯುತ್ತದೆ. ಬಲವಂತವಾಗಿ ಬರೆಯಿಸುವ ಉಪಾಯಗಳಿವೆ, ಅವನ್ನು ದಯವಿಟ್ಟು ಮಾಡಬೇಡಿ. ವಿಂಡೋಸಿಗೆ ಹೋಗಿ, ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದೆ. ಒಮ್ಮೆ ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೆ ಡಿ ಡ್ರೈವ್ ಬರೆಯಲು ಸಿಕ್ಕಿತು.

ಎರಡನೆಯದು ಗಡಿಯಾರ. ಮಿಂಟ್‌ನಿಂದ ವಿಂಡೋಸಿಗೆ ಹೋದಾಗಲೆಲ್ಲ ಸಮಯ ಗಂಟೆಗಟ್ಟಲೆ ತಪ್ಪುತ್ತಿತ್ತು. ಹಳೆ ಬೋರ್ಡ್ ಅಲ್ವಾ, ಬ್ಯಾಟರಿ ಸತ್ತಿರಬೇಕು ಅಂದುಕೊಂಡೆ. ಹೊಸ ಸಿಆರ್2032 ತಂದು ಬದಲಿಸಿದೆ. ಸಮಯ ಸರಿಹೋಗಲಿಲ್ಲ. ಮೇಲಾಗಿ ಬ್ಯಾಟರಿ ತೆಗೆದದ್ದರಿಂದ ಬಯಾಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಸೆಟ್ಟಿಂಗ್ ಎಲ್ಲಾ ಮೊದಲಿನಂತಾಯಿತು. ಲೆಗಸಿಗೆ ಬೇಕಾದ ಸಿಎಸ್‌ಎಂ ಆಫ್ ಆಗಿ, ಬೂಟ್ ಮೆನುವಿನಿಂದ ಹಳೆ ಡಿಸ್ಕೇ ಮಾಯವಾಯಿತು. ಮೊದಲು ಏನೇನು ಹೇಗಿತ್ತು ಅಂತ ಬರೆದಿಟ್ಟಿರಲಿಲ್ಲ. ಅದನ್ನು ಹುಡುಕಿ ಸರಿ ಮಾಡಲು ಒಂದು ಗಂಟೆ ಹೋಯಿತು. ಈಗ ಬಯಾಸಿನ ಪ್ರತಿ ಪುಟದ ಫೋಟೋ ಫೋನಿನಲ್ಲಿದೆ.

ನಿಜವಾದ ಕಾರಣ ಇಷ್ಟೇ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ. ತಪ್ಪುತ್ತಿದ್ದದ್ದು ಪ್ರತಿ ಸಲವೂ ಒಂದೇ ಅಂತರ, ಆ ಎರಡರ ನಡುವಿನ ವ್ಯತ್ಯಾಸದಷ್ಟೇ. ಬ್ಯಾಟರಿ ಸತ್ತಿದ್ದರೆ ತಾರೀಖೂ ಹಳೆಯದಾಗುತ್ತಿತ್ತು. ಇದನ್ನು ನಾನು ಗಮನಿಸಬೇಕಿತ್ತು. ಮಿಂಟ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶದ ಮೂಲಕ ‘ಸೆಟ್-ಲೋಕಲ್-ಆರ್‌ಟಿಸಿ’ಯನ್ನು 1 ಮಾಡಿದೆ. ಆಮೇಲೆ ಎರಡರಲ್ಲೂ ಒಂದೇ ಸಮಯ.

ಡಿಸೆಂಬರ್ 6, ಶನಿವಾರ: ಈಗಿನ ಸ್ಥಿತಿ

ಎಸ್‌ಎಸ್‌ಡಿಯಲ್ಲಿ ಮಿಂಟ್ 22.2, 2029ರವರೆಗೆ. ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ 10 22ಹೆಚ್2, 2026ರ ಅಕ್ಟೋಬರ್ 13ರವರೆಗೆ. ಖರ್ಚು ಮಾಡಿದ್ದು ಎಸ್‌ಎಸ್‌ಡಿಗೆ, ಮತ್ತೆ ಬೇಕಿಲ್ಲದ ಆ ಬ್ಯಾಟರಿಗೆ. ಟೈಮ್‌ಶಿಫ್ಟ್ ವಾರಕ್ಕೊಮ್ಮೆ ಸಿಸ್ಟಮ್ಮಿನ ಪ್ರತಿ ತೆಗೆದಿಡುತ್ತದೆ. ಅದು ಫೋಟೋಗಳಿಗಲ್ಲ, ಅವುಗಳ ಬ್ಯಾಕಪ್ ಹೊರಗಿನ ಡಿಸ್ಕಿಗೆ ಬೇರೆಯಾಗಿ ಹೋಗುತ್ತದೆ. ಅಪ್‌ಡೇಟ್ ತಾನಾಗಿ ಆಗುವ ಹಾಗೆ ಇಟ್ಟಿದ್ದೇನೆ, ಈ ಸಲ ನಿಲ್ಲಿಸಿಲ್ಲ.

ಅಮ್ಮನ ಮೊದಲ ವಾರದ ತೊಂದರೆ ಒಂದೇ: ಡೌನ್‌ಲೋಡ್ ಆದ ಫೈಲ್ ಎಲ್ಲಿ ಹೋಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಡೆಸ್ಕ್‌ಟಾಪಿನಲ್ಲಿ ಆ ಫೋಲ್ಡರಿಗೆ ಒಂದು ಗುರುತು ಹಾಕಿಕೊಟ್ಟೆ.

ಸ್ಕ್ಯಾನರಿನ ಲೆಕ್ಕವನ್ನೂ ಹಾಕಿದೆ. ಪೆಟ್ಟಿಗೆಯಲ್ಲಿ 14 ರೋಲ್ ನೆಗೆಟಿವ್ ಉಳಿದಿವೆ. ರೋಲಿಗೆ 36ರಂತೆ ಹಿಡಿದರೆ 504 ಚಿತ್ರ. ವಾರಕ್ಕೊಂದು ರೋಲ್ ಮುಗಿಸಿದರೆ ಮಾರ್ಚ್ ಹೊತ್ತಿಗೆ ಆಗುತ್ತದೆ. ಆಮೇಲೆ ಆ ಡಿಸ್ಕಿನಿಂದ ವಿಂಡೋಸ್ ಅಳಿಸಿ ಪೂರ್ತಿ ಫೋಟೋಗಳಿಗೆ ಬಿಡುತ್ತೇನೆ. ಮೊದಲ ರೋಲನ್ನು ಅಮ್ಮ ಆಗಲೇ ಮೇಜಿನ ಮೇಲೆ ತೆಗೆದಿಟ್ಟಿದ್ದಾರೆ.